ಇಪ್ಪತ್ತು ವರ್ಷಗಳ ಮೌನಕ್ಕೆ ಒಂದು ಹಾಡು

ಕಲಾತಂಡವೊಂದು ಒಡೆಯುವುದು ಹೊಸ ಸಂಗತಿಯಲ್ಲ. ಯಕ್ಷಗಾನ ಮೇಳವಾಗಲಿ, ನಾಟಕ ಕಂಪೆನಿಯಾಗಲಿ, ವಾದ್ಯಗೋಷ್ಠಿಯಾಗಲಿ, ಜೊತೆಯಾಗಿ ದುಡಿದವರು ಒಂದು ದಿನ ಬೇರೆಯಾಗುತ್ತಾರೆ. ಕೆಲವೊಮ್ಮೆ ಮತ್ತೆ ಒಂದಾಗುವುದೂ ಉಂಟು. ಹಾಗೆ ಒಂದಾದವರು ಹಳೆಯ ಹೆಸರಿನ ಮೇಲೆ ಹೊಸದಾಗಿ ಎಷ್ಟು ಭಾರ ಹೊರಿಸಬಹುದು ಎಂಬುದು ಮಾತ್ರ ಸುಲಭದ ಪ್ರಶ್ನೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ‘ಬಾಚ್’ ಎಂಬ ಮೆಟಲ್‌ಕೋರ್ ತಂಡ 2022ರಲ್ಲಿ ಅದಕ್ಕೆ ನೀಡಿದ ಉತ್ತರ ಬಹಳ ಚಿಕ್ಕದು: ಒಂದೇ ಒಂದು ಹಾಡು.

ಮೆಟಲ್‌ಕೋರ್ ಎಂಬುದು ಹಾರ್ಡ್‌ಕೋರ್ ಪಂಕ್‌ನ ಬಿರುಸು ಮತ್ತು ಹೆವಿ ಮೆಟಲ್‌ನ ಭಾರ ಸೇರಿ ಹುಟ್ಟಿದ ಪ್ರಕಾರ. ಗಾಯಕ ಹಾಡುವುದಕ್ಕಿಂತ ಕೂಗುವುದೇ ಹೆಚ್ಚು. ನಾಗಾಲೋಟದಲ್ಲಿ ಸಾಗುವ ಹಾಡು ಒಮ್ಮೆಲೇ ನಿಧಾನವಾಗಿ, ಗಿಟಾರು ಮತ್ತು ಡ್ರಮ್ಮುಗಳು ಒಟ್ಟಾಗಿ ಒಂದೊಂದೇ ಪೆಟ್ಟನ್ನು ಇಡುವ ಭಾಗವನ್ನು ‘ಬ್ರೇಕ್‌ಡೌನ್’ ಎನ್ನುತ್ತಾರೆ. ರಾಕ್ ಸಂಗೀತದ ಬಹುಪಾಲು ನಾಲ್ಕು ಎಣಿಕೆಯ ಲಯದಲ್ಲಿ ನಡೆಯುತ್ತದೆ. ಬಾಚ್ ತಂಡ ಆ ಎಣಿಕೆಯನ್ನು ಪದೇ ಪದೇ ಮುರಿಯಿತು. ಒಂದೇ ಹಾಡಿನೊಳಗೆ ವಿಷಮ ಲಯಗಳನ್ನು ಬದಲಿಸುತ್ತ ಹೋಯಿತು. ಖಂಡಚಾಪಿನ ಐದು, ಮಿಶ್ರಚಾಪಿನ ಏಳು ಅಕ್ಷರಗಳಿಗೆ ಪಳಗಿದ ನಮ್ಮ ಕಿವಿಗೆ ಅದರ ಗದ್ದಲ ಅಪರಿಚಿತವಾದರೂ ಲೆಕ್ಕಾಚಾರ ಪೂರ್ತಿ ಅಪರಿಚಿತವಲ್ಲ. ಇಂಥ ಲೆಕ್ಕದ ಕಾರಣಕ್ಕೇ ಈ ಕವಲಿಗೆ ‘ಮ್ಯಾತ್‌ಕೋರ್’ ಎಂಬ ಹೆಸರೂ ಬಂತು.

ತಂಡ ಹುಟ್ಟಿದ್ದು 1993ರಲ್ಲಿ, ಟಕೋಮಾ ನಗರದಲ್ಲಿ. ಪಕ್ಕದ ಸಿಯಾಟಲ್‌ನ ಗ್ರಂಜ್ ಸಂಗೀತಕ್ಕೆ ಜಗತ್ತೇ ಕಿವಿಗೊಟ್ಟಿದ್ದ ಕಾಲ ಅದು. ಗಿಟಾರು ವಾದಕ ಡೇವ್ ನುಡ್ಸನ್, ಗಾಯಕ ಡೇವ್ ವೆರೆಲೆನ್, ಬೇಸ್ ವಾದಕ ಬ್ರಯಾನ್ ಕುಕ್, ಡ್ರಮ್ ವಾದಕ ಟಿಮ್ ಲಟೋನಾ, ಈ ನಾಲ್ವರು ಹದಿಹರೆಯದವರು ಆ ಜನಪ್ರಿಯ ದಾರಿಯನ್ನು ಹಿಡಿಯಲಿಲ್ಲ. ಕೆಲಸ ಕೆಡಿಸುವುದು ಎಂಬ ಅರ್ಥದ ಪದವನ್ನೇ ತಂಡದ ಹೆಸರಾಗಿಟ್ಟುಕೊಂಡರು. 1998ರಲ್ಲಿ ‘ಅಮೆರಿಕನ್ ನರ್ವೋಸೋ’, 1999ರಲ್ಲಿ ‘ವಿ ಆರ್ ದ ರೋಮನ್ಸ್’, ಹೀಗೆ ಪೂರ್ಣಪ್ರಮಾಣದ ಎರಡೇ ಆಲ್ಬಮ್‌ಗಳು ಹೈಡ್ರಾ ಹೆಡ್ ಎಂಬ ಸಣ್ಣ ಸಂಸ್ಥೆಯಿಂದ ಹೊರಬಂದವು. ಎರಡನೆಯದು ಮುಂದಿನ ಪೀಳಿಗೆಯ ಮೆಟಲ್‌ಕೋರ್ ತಂಡಗಳಿಗೆ ಪಾಠಪುಸ್ತಕದಂತಾಯಿತು.

ಆದರೆ ಒಳ್ಳೆಯ ಕೃತಿಯೇ ಮುಂದಿನ ಕೃತಿಗೆ ಅಡ್ಡಿಯಾಗುವುದುಂಟು. ‘ವಿ ಆರ್ ದ ರೋಮನ್ಸ್’ ನಂತರ ಏನು ಬರೆಯಬೇಕೆಂಬುದೇ ಇವರಿಗೆ ಕಗ್ಗಂಟಾಯಿತು. ಹೊಸ ಹಾಡುಗಳು ಹುಟ್ಟಲು ತಿಣುಕಾಡಿದವು. ಸ್ನೇಹಿತರ ನಡುವೆ ಬಿರುಕು ಬೆಳೆಯಿತು. 2002ರ ಜೂನ್ 15ರಂದು ಸಿಯಾಟಲ್‌ನ ಶೋಬಾಕ್ಸ್ ಸಭಾಂಗಣದಲ್ಲಿ ತಂಡ ತನ್ನ ವಿದಾಯ ಕಾರ್ಯಕ್ರಮ ನೀಡಿತು. ಅದರ ಧ್ವನಿಮುದ್ರಣ 2006ರಲ್ಲಿ ಹೊರಬಂದಾಗ ಆ ದಿನಾಂಕದ ಅಂಕಿಗಳೇ ಅದರ ಶೀರ್ಷಿಕೆಯಾಗಿದ್ದವು. ಉಳಿದಿದ್ದ ಆರು ಹಾಡುಗಳು 2002ರಲ್ಲೇ, ತಂಡ ಮುಗಿದ ಮೇಲೆ, ‘ಆ್ಯನ್ ಆಂಥಾಲಜಿ ಆಫ್ ಡೆಡ್ ಎಂಡ್ಸ್’ ಎಂಬ ಹೆಸರಿನಲ್ಲಿ ಪ್ರಕಟವಾದವು. ‘ಮುಚ್ಚಿದ ದಾರಿಗಳ ಸಂಕಲನ’ ಎಂಬುದು ಅದರ ಭಾವಾರ್ಥ. ಅದರ ಹಾಡುಗಳಿಗೆ ದೇಶಗಳ ಹೆಸರಿಟ್ಟು, ‘ನ’ಕಾರ ಬಂದಲ್ಲೆಲ್ಲ ‘ಮ’ಕಾರ ಮಾಡಿದ್ದರು: ಸ್ಪೇಮ್, ಜಪಾಮ್, ವಿಯೆಟ್ಮಾಮ್. ಒಡೆದುಹೋಗುವಾಗಲೂ ಚೇಷ್ಟೆ ಬಿಟ್ಟಿರಲಿಲ್ಲ.

ಆಮೇಲೆ ಎಲ್ಲರೂ ತಮ್ಮ ತಮ್ಮ ಬದುಕು ಕಟ್ಟಿಕೊಂಡರು. ನುಡ್ಸನ್ ‘ಮೈನಸ್ ದ ಬೇರ್’ ತಂಡದಲ್ಲಿ ಹೆಸರು ಮಾಡಿದರು. ಕುಕ್ ‘ದೀಸ್ ಆರ್ಮ್ಸ್ ಆರ್ ಸ್ನೇಕ್ಸ್’ನಲ್ಲೂ ಅನಂತರ ‘ರಷ್ಯನ್ ಸರ್ಕಲ್ಸ್’ನಲ್ಲೂ ಬೇಸ್ ನುಡಿಸಿದರು. ಬೆಂಕಿಯಂತೆ ಕೂಗುತ್ತಿದ್ದ ವೆರೆಲೆನ್ ಅಗ್ನಿಶಾಮಕ ದಳಕ್ಕೆ ಸೇರಿದರು. ಈ ನಡುವೆ ಅವರ ಕೀರ್ತಿ, ಅವರಿಲ್ಲದೆಯೇ, ಬೆಳೆಯುತ್ತಲೇ ಇತ್ತು.

ಕೋವಿಡ್ ಕಾಲದಲ್ಲಿ ನುಡ್ಸನ್ ತಮ್ಮ ಮೊದಲ ಸ್ವಂತ ಆಲ್ಬಮ್‌ಗೆ ಹಾಡು ಕಟ್ಟುತ್ತಿದ್ದರು. ಆಗಿನ ಬೇಸರವನ್ನು ಕಳೆಯಲು ಗಡುಸಾದ ಹಾಡೊಂದನ್ನು ರಚಿಸಿ, ಹಾಡುವಿರಾ ಎಂದು ವೆರೆಲೆನ್‌ರನ್ನು ಕೇಳಿದರು. ಅವರು ಒಪ್ಪಿದರು. ಆದರೆ ನಾಲ್ವರಲ್ಲಿ ಇಬ್ಬರು ಸೇರಿ ಇಂಥ ಹಾಡು ಮಾಡುತ್ತಿರುವಾಗ ಉಳಿದಿಬ್ಬರನ್ನು ಕರೆಯದಿರುವುದು ಹೇಗೆ? ಕುಕ್ ಮತ್ತು ಲಟೋನಾ ಕೂಡ ಬಂದರು. ಹೀಗೆ, ಬಾಚ್‌ಗಾಗಿ ಬರೆಯದ ಹಾಡು ಬಾಚ್‌ನದೇ ಆಯಿತು. ‘ಒನ್ ಟ್ವೆಂಟಿ ಟೂ’ ಎಂಬ ಆ ಹಾಡು 2022ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಸಾರ್ಜೆಂಟ್ ಹೌಸ್ ಸಂಸ್ಥೆ ಮರುಮುದ್ರಿಸಿದ ‘ವಿ ಆರ್ ದ ರೋಮನ್ಸ್’ನ ಜೊತೆಗೂ ಸೇರಿತು.

ಒಂದು ಹಾಡು ಮಾತ್ರ ಏಕೆ ಎಂದು ಅಭಿಮಾನಿಗಳು ಕೊರಗಬಹುದು. ನ್ಯಾಯವಾಗಿ ನೋಡಿದರೆ ಅದೇ ಸರಿಯಾದ ಅಳತೆ. ಇಡೀ ಆಲ್ಬಮ್ ಎಂದಿದ್ದರೆ 1999ರ ಕೃತಿಯ ಎದುರು ಅದನ್ನು ತಕ್ಕಡಿಗೆ ಹಾಕಬೇಕಾಗುತ್ತಿತ್ತು. ತಂಡವನ್ನು ಮುರಿದದ್ದೇ ಆ ತಕ್ಕಡಿ. ಒಂದೇ ಹಾಡಿಗೆ ಅಂಥ ಹೊಣೆಯಿಲ್ಲ. ಅದು ಯಾವ ವಾಗ್ದಾನವನ್ನೂ ಮಾಡುವುದಿಲ್ಲ, ಯಾವ ಹಳೆಯ ಸಾಲವನ್ನೂ ತೀರಿಸುತ್ತೇನೆನ್ನುವುದಿಲ್ಲ. ನಡುವಯಸ್ಸಿನ ನಾಲ್ವರು ಸ್ನೇಹಿತರು ಮತ್ತೆ ಜೊತೆಗೂಡಿ ನುಡಿಸಬಲ್ಲರು ಎಂಬುದಕ್ಕೆ ಅದೊಂದು ಸಾಕ್ಷ್ಯ, ಅಷ್ಟೇ. ಅಷ್ಟೇ ಆದುದರಿಂದ ಅದು ನಂಬತಕ್ಕ ಸಾಕ್ಷ್ಯ.

ಹಾಡಿನ ಹಿಂದೆಯೇ 2023ರಲ್ಲಿ ವೇದಿಕೆಯ ಕಾರ್ಯಕ್ರಮಗಳು ನಡೆದವು. ಆದರೆ ಅವನ್ನೂ ಅನಂತವಾಗಿ ಎಳೆಯಲಿಲ್ಲ. 2024ರ ಜೂನ್ 15ರಂದು, ಮೊದಲ ವಿದಾಯಕ್ಕೆ ಸರಿಯಾಗಿ ಇಪ್ಪತ್ತೆರಡು ವರ್ಷ ತುಂಬಿದ ದಿನ, ಅದೇ ಶೋಬಾಕ್ಸ್‌ನಲ್ಲಿ ತಂಡ ಮತ್ತೊಮ್ಮೆ ಕೊನೆಯ ಬಾರಿ ನುಡಿಸಿತು. 2002ರಲ್ಲಿ ಅವರು ಮುಗಿಸಿದ್ದು ಬೇರೆ ದಾರಿಯಿಲ್ಲದೆ, ಮನಸ್ಸು ಮುರಿದುಕೊಂಡು. ಈ ಸಲ ದಿನ, ಸ್ಥಳ ಎರಡನ್ನೂ ಆಯ್ದುಕೊಂಡು, ಸ್ನೇಹಿತರಾಗಿ ಮುಗಿಸಿದರು. ಮರಳಿ ಬಂದದ್ದಕ್ಕೆ ದೊರೆತ ಫಲ ಬಹುಶಃ ಇದೇ: ಕೆಟ್ಟಿದ್ದ ಮುಕ್ತಾಯವೊಂದನ್ನು ತಮ್ಮ ಕೈಯಾರೆ ಸರಿಪಡಿಸುವ ಅವಕಾಶ.