ವಟಸಾವಿತ್ರಿ ವ್ರತ: ಆಚರಣೆ, ಅರ್ಥ ಮತ್ತು ಆಲದ ಮರದ ರಕ್ಷಣೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಕಾರಹುಣ್ಣಿಮೆ ಎಂದರೆ ರೈತರಿಗೆ ಎತ್ತುಗಳ ಹಬ್ಬ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಅದೇ ಜ್ಯೇಷ್ಠ ಹುಣ್ಣಿಮೆಯಂದು ಅನೇಕ ಹಿಂದೂ ಮನೆತನಗಳ ಮುತ್ತೈದೆಯರು ಉಪವಾಸವಿದ್ದು ಆಲದ ಮರಕ್ಕೆ ಪೂಜೆ ಸಲ್ಲಿಸುತ್ತಾರೆ. ಇದೇ ವಟಸಾವಿತ್ರಿ ವ್ರತ. ವಟ ಎಂದರೆ ಆಲದ ಮರ. ಓಣಿಯಲ್ಲಿ ಕೂಡಿ ಬಾಳುವ ಜೈನ ಕುಟುಂಬಗಳಿಗೂ ಈ ವ್ರತದ ಹಿನ್ನೆಲೆ ತಿಳಿದಿರುವುದು ಒಳ್ಳೆಯದು.

ಸಾವಿತ್ರಿಯ ಕಥೆ

ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮುನಿಗಳು ಧರ್ಮರಾಜನಿಗೆ ಈ ಕಥೆಯನ್ನು ಹೇಳುತ್ತಾರೆ. ಮದ್ರ ದೇಶದ ಅರಸ ಅಶ್ವಪತಿಯ ಮಗಳು ಸಾವಿತ್ರಿ. ರಾಜ್ಯ ಕಳೆದುಕೊಂಡು ಕಾಡಿನಲ್ಲಿದ್ದ ಕುರುಡ ಅರಸ ದ್ಯುಮತ್ಸೇನನ ಮಗ ಸತ್ಯವಾನನನ್ನು ಆಕೆ ವರಿಸುತ್ತಾಳೆ. ಆತನ ಆಯುಷ್ಯ ಇನ್ನು ಒಂದೇ ವರ್ಷ ಎಂದು ನಾರದರು ಹೇಳಿದರೂ ಮನಸ್ಸು ಬದಲಿಸುವುದಿಲ್ಲ. ಆ ದಿನ ಸಮೀಪಿಸಿದಾಗ ಮೂರು ರಾತ್ರಿ ಉಪವಾಸವಿದ್ದು, ಗಂಡನ ಜೊತೆ ಕಾಡಿಗೆ ಹೋಗುತ್ತಾಳೆ. ಪ್ರಾಣ ಒಯ್ಯಲು ಬಂದ ಯಮಧರ್ಮನ ಬೆನ್ನು ಬಿಡದೆ, ಧರ್ಮದ ಮಾತುಗಳಿಂದಲೇ ಅವನನ್ನು ಮೆಚ್ಚಿಸಿ, ಮಾವನ ಕಣ್ಣು, ಕಳೆದ ರಾಜ್ಯ, ಕೊನೆಗೆ ಗಂಡನ ಪ್ರಾಣವನ್ನೂ ಮರಳಿ ಪಡೆಯುತ್ತಾಳೆ. ವ್ರತಕಥೆಯ ಪ್ರಕಾರ ಇದೆಲ್ಲ ನಡೆದದ್ದು ಆಲದ ಮರದ ಕೆಳಗೆ. ಒಟ್ಟಿನಲ್ಲಿ ಇದು ಒಂದು ಜೀವವನ್ನು ಉಳಿಸಿಕೊಂಡ ಕಥೆ.

ದಿನ ಮತ್ತು ವಿಧಾನ

ಉತ್ತರ ಕರ್ನಾಟಕ, ಮಹಾರಾಷ್ಟ್ರ, ಗುಜರಾತಿನಲ್ಲಿ ಈ ವ್ರತ ಹುಣ್ಣಿಮೆಗೆ ಬರುತ್ತದೆ. ರಾಜಸ್ಥಾನ ಮತ್ತು ಉತ್ತರ ಭಾರತದ ಹಲವೆಡೆ ಹದಿನೈದು ದಿನ ಮೊದಲೇ, ಅಮಾವಾಸ್ಯೆಯಂದು ಆಚರಿಸುತ್ತಾರೆ. ಹೀಗಾಗಿ ಮಾರವಾಡಿ ಮನೆತನಗಳು ನೆಲೆಸಿರುವ ಪೇಟೆಗಳಲ್ಲಿ ಒಂದೇ ವ್ರತ ಎರಡು ದಿನ ಕಂಡರೆ ಆಶ್ಚರ್ಯಪಡಬೇಕಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿರುವುದರಿಂದ ಹುಣ್ಣಿಮೆಯ ವ್ರತ ಜೂನ್ 29ಕ್ಕೆ ಬೀಳುತ್ತದೆ.

ಬೆಳಿಗ್ಗೆ ಸ್ನಾನ ಮಾಡಿ, ಇಳಕಲ್ ಸೀರೆಯನ್ನೋ ರೇಷ್ಮೆ ಸೀರೆಯನ್ನೋ ಉಟ್ಟು ಮಹಿಳೆಯರು ಗುಂಪಾಗಿ ಮರದ ಬಳಿಗೆ ಹೋಗುತ್ತಾರೆ. ಬುಡಕ್ಕೆ ನೀರೆರೆದು, ಅರಿಶಿಣ-ಕುಂಕುಮ ಏರಿಸಿ, ನೂಲು ಸುತ್ತುತ್ತ ಪ್ರದಕ್ಷಿಣೆ ಹಾಕುತ್ತಾರೆ. ಏಳು ಸುತ್ತು ಸಾಮಾನ್ಯ. ಕೆಲವರು 108 ಸುತ್ತು ಹಾಕುವುದೂ ಉಂಟು. ನಂತರ ಒಬ್ಬರಿಗೊಬ್ಬರು ಉಡಿ ತುಂಬುತ್ತಾರೆ. ಅದರಲ್ಲಿ ಗುಳೇದಗುಡ್ಡದ ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಶಿಣ ಬೇರು ಇರುತ್ತವೆ. ಮಾವಿನ ಕಾಲವಾದ್ದರಿಂದ ಮಾವಿನ ಹಣ್ಣೂ ಸೇರುತ್ತದೆ.

ಉಪವಾಸದಲ್ಲಿರುವ ವ್ಯತ್ಯಾಸ

ಜೈನರಲ್ಲಿ ಉಪವಾಸವೆಂದರೆ ಆಹಾರವನ್ನು ಪೂರ್ಣವಾಗಿ ತ್ಯಜಿಸುವುದು. ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದಾದ ಅನಶನ ಅದು. ಅದರ ಗುರಿ ಕರ್ಮನಿರ್ಜರೆ. ವಟಸಾವಿತ್ರಿ ಹಾಗಲ್ಲ, ಗಂಡನ ದೀರ್ಘಾಯುಷ್ಯ ಬೇಡಿ ಮಾಡುವ ಕಾಮ್ಯ ವ್ರತ. ಹಣ್ಣು, ಹಾಲು ತೆಗೆದುಕೊಂಡು ಇರುವವರೇ ಹೆಚ್ಚು. ನೀರೂ ಮುಟ್ಟದವರು ಕೆಲವರು. ನೀರು, ಹಣ್ಣು, ಹಾಲು, ಔಷಧಿಗಳಿಂದ ವ್ರತ ಕೆಡುವುದಿಲ್ಲ ಎಂದು ಹಿಂದೂ ಧರ್ಮಗ್ರಂಥಗಳೇ ಹೇಳಿವೆ. ಆದ್ದರಿಂದ ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಮನೆಯ ಹಿರಿಯರೂ ಒತ್ತಾಯಿಸಬಾರದು. ಜೀವ ಉಳಿಸಿದ ಸಾವಿತ್ರಿಯ ಹೆಸರಿನಲ್ಲಿ ಯಾರ ಜೀವಕ್ಕೂ ತೊಂದರೆಯಾಗಬಾರದು.

ಮರಕ್ಕೂ ಜೀವವಿದೆ

ಈ ಮಾತು ಆಲದ ಮರಕ್ಕೂ ಅನ್ವಯಿಸುತ್ತದೆ. ಹತ್ತಿರ ದೊಡ್ಡ ಮರವಿಲ್ಲದ ಬಡಾವಣೆಗಳಲ್ಲಿ ಟೊಂಗೆ ಕಡಿದು ತಂದು ಮನೆಯಲ್ಲೇ ಪೂಜಿಸುವ ರೂಢಿ ಬೆಳೆದಿದೆ. ಪೂಜಿಸಬೇಕಾದ ಮರವನ್ನೇ ಕಡಿದು, ಮರುದಿನ ಕಸಕ್ಕೆ ಹಾಕಿದರೆ ವ್ರತಕ್ಕೆ ಅರ್ಥವೇನು? ಬುಡಕ್ಕೆ ತಾಗಿಸಿ ದೀಪ, ಕರ್ಪೂರ ಹಚ್ಚಿದರೆ ತೊಗಟೆ ಸುಡುತ್ತದೆ. ನೈಲಾನ್ ದಾರ ಕೊಳೆಯದೆ ಉಳಿದು ಎಳೆಯ ಕಾಂಡವನ್ನು ಬಿಗಿಯುತ್ತದೆ. ಹತ್ತಿಯ ನೂಲೇ ಸರಿ.

ಆಲದ ಮರ ಜೈನರಿಗೂ ಪೂಜ್ಯ. ಭಗವಾನ್ ಆದಿನಾಥರಿಗೆ ಕೇವಲಜ್ಞಾನ ಉಂಟಾದದ್ದು ನ್ಯಗ್ರೋಧದ, ಅಂದರೆ ಆಲದ ಮರದ ಕೆಳಗೆ. ಶ್ರಾವಕರು ತ್ಯಜಿಸುವ ಪಂಚ ಉದುಂಬರ ಫಲಗಳಲ್ಲಿ ಆಲದ ಹಣ್ಣೂ ಒಂದು. ಅದರೊಳಗೆ ಜೀವಿಗಳಿರುವುದೇ ಕಾರಣ. ಆ ಹಣ್ಣಿನೊಳಗೆ ಬೆಳೆಯುವ ಚಿಕ್ಕ ಕಣಜವೇ ಅದರ ಪರಾಗಸ್ಪರ್ಶ ಮಾಡುತ್ತದೆ. ಹಕ್ಕಿಗಳಿಗೆ ಹಣ್ಣು, ದನಕರುಗಳಿಗೆ ನೆರಳು ಕೊಡುವ ಮರ ಇದು.

ವ್ರತ ಬರುವುದೂ ಮುಂಗಾರಿನ ಕಾಲದಲ್ಲೇ. ಆಲದ ಸಸಿ ನೆಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಇಬ್ಬರೂ ಕೂಡಿ ನೀರು ಹೊತ್ತು, ಕುದೂರು ರಸ್ತೆಯ ಬದಿಯಲ್ಲಿ ಆಲದ ಸಾಲು ಬೆಳೆಸಿದ್ದು ನಾಡಿಗೆಲ್ಲ ಗೊತ್ತು. ದಂಪತಿ ಸೇರಿ ಮಾಡಬಹುದಾದ ವಟವ್ರತಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನೆರೆಮನೆಯವರು ಅರಿಶಿಣ-ಕುಂಕುಮಕ್ಕೆ ಕರೆದರೆ ಪ್ರೀತಿಯಿಂದ ಹೋಗಿ ಬರಬಹುದು. ಹೋಗುವಾಗ ಉಡಿಯ ಜೊತೆಗೆ ಒಂದು ಸಸಿಯನ್ನೂ ಒಯ್ದು, ಮಠದ ಬಯಲಲ್ಲೋ, ಬಸದಿಯ ಹೊರಗಿನ ಜಾಗದಲ್ಲೋ, ಕೆರೆಯ ದಂಡೆಯಲ್ಲೋ ಸಂಬಂಧಪಟ್ಟವರ ಒಪ್ಪಿಗೆ ಪಡೆದು ಇಬ್ಬರೂ ಕೂಡಿ ನೆಟ್ಟರೆ ಅಹಿಂಸೆಯ ಪಾಲನೆಯೂ ಆಯಿತು, ನೆರೆಹೊರೆಯ ಸ್ನೇಹವೂ ಉಳಿಯಿತು. ಕಟ್ಟಡದ ಗೋಡೆಯಿಂದ ದೂರ ನೆಡಬೇಕು, ಬೇಲಿ ಕಟ್ಟಬೇಕು, ಮೊದಲ ಎರಡು-ಮೂರು ಬೇಸಿಗೆ ತಪ್ಪದೆ ನೀರು ಹಾಕಬೇಕು.