ವಸಂತಕಾಲದ ಪಟ್ಟೆ ಬಾಸ್ ಮೀನುಗಾರಿಕೆಯಲ್ಲಿ ಕೃತಕ ಎರೆಗಳ ಆಯ್ಕೆ

ಪಟ್ಟೆ ಬಾಸ್ (ವೈಜ್ಞಾನಿಕ ಹೆಸರು: ಮೊರೋನ್ ಸ್ಯಾಕ್ಸಟಿಲಿಸ್) ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಪ್ರಮುಖ ಗಾಳದ ಮೀನು. ಇದು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಸಿಹಿನೀರಿನ ನದಿಗಳಿಗೆ ಏರುತ್ತದೆ. ಮೈಯುದ್ದಕ್ಕೂ ಏಳೆಂಟು ಕಪ್ಪು ಗೆರೆಗಳಿರುವುದರಿಂದ ಈ ಹೆಸರು ಬಂದಿದೆ. ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಮೀನುಗಾರರು ಇದನ್ನು ‘ಸ್ಟ್ರೈಪರ್’ ಎಂದೂ, ಚೆಸಪೀಕ್ ಕೊಲ್ಲಿಯವರು ‘ರಾಕ್‌ಫಿಶ್’ ಎಂದೂ ಕರೆಯುತ್ತಾರೆ. ವಸಂತಕಾಲದಲ್ಲಿ ಈ ಮೀನು ದಕ್ಷಿಣದಿಂದ ಉತ್ತರಕ್ಕೆ ವಲಸೆ ಹೋಗುತ್ತದೆ. ಆಗ ದಡದಿಂದಲೂ ಸಣ್ಣ ದೋಣಿಗಳಿಂದಲೂ ಇದನ್ನು ಹಿಡಿಯಲು ಮರ, ಲೋಹ, ರೋಮ ಹಾಗೂ ಮೃದು ಪ್ಲಾಸ್ಟಿಕ್‌ನಿಂದ ಮಾಡಿದ ಕೃತಕ ಎರೆಗಳನ್ನು ಬಳಸಲಾಗುತ್ತದೆ. ಯಾವ ಎರೆಯನ್ನು ಆರಿಸಬೇಕು ಎಂಬುದನ್ನು ನೀರಿನ ಉಷ್ಣತೆ, ಆ ವಾರ ಲಭ್ಯವಿರುವ ಆಹಾರ ಮೀನು, ನೀರಿನ ಆಳ ಮತ್ತು ಸೆಳೆತ ಮುಖ್ಯವಾಗಿ ನಿರ್ಧರಿಸುತ್ತವೆ.

ವಲಸೆ ಮತ್ತು ನೀರಿನ ಉಷ್ಣತೆ

ಅಟ್ಲಾಂಟಿಕ್ ಕರಾವಳಿಯ ಪಟ್ಟೆ ಬಾಸ್‌ಗಳಲ್ಲಿ ಬಹುಪಾಲು ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳಲ್ಲಿ ಹುಟ್ಟುತ್ತವೆ. ಹಡ್ಸನ್ ಮತ್ತು ಡೆಲವೇರ್ ನದಿಗಳು ಉಳಿದ ಮುಖ್ಯ ತಾಣಗಳು. ಏಪ್ರಿಲ್‌ನಿಂದ ಜೂನ್‌ವರೆಗೆ ಮೊಟ್ಟೆಯಿಟ್ಟ ದೊಡ್ಡ ಮೀನುಗಳು ಮತ್ತೆ ಸಮುದ್ರಕ್ಕಿಳಿದು ಉತ್ತರದ ದಾರಿ ಹಿಡಿಯುತ್ತವೆ. ಆದರೆ ಮೊದಲು ಬರುವವು ಇವಲ್ಲ. ಇನ್ನೂ ಪ್ರಾಯಕ್ಕೆ ಬಾರದ ಎಳೆಯ ಮೀನುಗಳಿಗೆ ನದಿಯಲ್ಲಿ ಕೆಲಸವಿಲ್ಲವಾದ್ದರಿಂದ ಅವು ಮುಂಚಿತವಾಗಿ ಹೊರಟು, ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ರೋಡ್ ಐಲೆಂಡ್ ಹಾಗೂ ಮ್ಯಾಸಚೂಸೆಟ್ಸ್ ತೀರಗಳನ್ನು ತಲುಪುತ್ತವೆ. ದೊಡ್ಡ ಮೀನುಗಳು ಅವುಗಳ ಹಿಂದೆ ಬರುತ್ತವೆ. ಮೇ ಆರಂಭದಲ್ಲಿ ಸಣ್ಣ ಎರೆ, ತಿಂಗಳ ಕೊನೆಗೆ ದೊಡ್ಡ ಎರೆ ಎಂಬ ರೂಢಿಗೆ ಇದೂ ಒಂದು ಕಾರಣ.

ಮೀನು ಶೀತರಕ್ತ ಪ್ರಾಣಿ. ನೀರು ತಣ್ಣಗಿದ್ದಾಗ ಅದರ ಜೀರ್ಣಕ್ರಿಯೆ ನಿಧಾನ, ಚಲನೆಯೂ ನಿಧಾನ. ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಪಟ್ಟೆ ಬಾಸ್ ನಿಯತವಾಗಿ ಬೇಟೆಯಾಡತೊಡಗುತ್ತದೆ. ಆಗಲೂ ವೇಗವಾಗಿ ಓಡುವ ಎರೆಯನ್ನು ದೂರದವರೆಗೆ ಅಟ್ಟಿಕೊಂಡು ಹೋಗುವುದಿಲ್ಲ. ಋತುವಿನ ಆರಂಭದಲ್ಲಿ ತಳದ ಹತ್ತಿರ ನಿಧಾನವಾಗಿ ಸಾಗುವ ಎರೆಗಳು ಫಲಕಾರಿಯಾಗುವುದಕ್ಕೂ, ನೀರಿನ ಮೇಲ್ಮೈಯಲ್ಲಿ ಸದ್ದು ಮಾಡುತ್ತ ಸಾಗುವ ಎರೆಗಳಿಗೆ ಹೆಚ್ಚಿನ ಬೆಚ್ಚನೆಯ ನೀರು ಬೇಕಾಗುವುದಕ್ಕೂ ಇದೇ ಕಾರಣ.

ತೆರೆದ ಸಮುದ್ರ ಇನ್ನೂ ತಣ್ಣಗಿರುವಾಗ ಅಳಿವೆಗಳು, ಉಪ್ಪುನೀರಿನ ಕೊಳಗಳು ಮತ್ತು ಜೌಗು ಪ್ರದೇಶಗಳು ಮೊದಲು ಬೆಚ್ಚಗಾಗುತ್ತವೆ. ಆಳ ಕಡಿಮೆಯಿದ್ದು ತಳದ ಕೆಸರು ಕಪ್ಪಗಿದ್ದರೆ ಬಿಸಿಲಿನ ಶಾಖ ಬೇಗ ಹಿಡಿಯುತ್ತದೆ. ಮಧ್ಯಾಹ್ನದವರೆಗೆ ಬಿಸಿಲು ಕಂಡ ನೀರು ಇಳಿತದ ಸಮಯದಲ್ಲಿ ಕಾಲುವೆಯ ಬಾಯಿಯಿಂದ ಹೊರಗೆ ಹರಿಯುವಾಗ ಸಣ್ಣ ಮೀನು, ಸಿಗಡಿಗಳನ್ನೂ ಜೊತೆಗೆ ಒಯ್ಯುತ್ತದೆ. ಬಾಸ್ ಅಲ್ಲಿ ಕಾದಿರುತ್ತದೆ. ವಸಂತದಲ್ಲಿ ನಸುಕಿನ ಹೊತ್ತಿಗಿಂತ ಸಂಜೆಯ ಇಳಿತವೇ ಎಷ್ಟೋ ಬಾರಿ ಲೇಸೆನಿಸುವುದು ಇದರಿಂದ. ಬೇಸಿಗೆಯಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಆಹಾರ ಮೀನುಗಳ ಅನುಕರಣೆ

ಮಾರ್ಚ್ ಕೊನೆಯಿಂದ ಮೇವರೆಗೆ ಏಲ್‌ವೈಫ್ ಮತ್ತು ಬ್ಲೂಬ್ಯಾಕ್ ಎಂಬ ಎರಡು ಜಾತಿಯ ನದಿ ಹೆರಿಂಗ್‌ಗಳು ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗಳಿಗೆ ಏರುತ್ತವೆ. ದೊಡ್ಡ ಬಾಸ್‌ಗಳಿಗೆ ಇವು ವಸಂತದ ಪ್ರಮುಖ ಆಹಾರ. ಹಿಂದೆ ಜೀವಂತ ಹೆರಿಂಗ್ ಅನ್ನೇ ಗಾಳಕ್ಕೆ ಚುಚ್ಚುವ ಪದ್ಧತಿ ವ್ಯಾಪಕವಾಗಿತ್ತು. ಅಣೆಕಟ್ಟುಗಳು ಹಾಗೂ ಇತರ ಕಾರಣಗಳಿಂದ ಹೆರಿಂಗ್ ಸಂತತಿ ಕುಸಿದಾಗ ಕನೆಕ್ಟಿಕಟ್ 2002ರಲ್ಲಿ, ಮ್ಯಾಸಚೂಸೆಟ್ಸ್ ಮತ್ತು ರೋಡ್ ಐಲೆಂಡ್ 2006ರಲ್ಲಿ ಅವುಗಳನ್ನು ಹಿಡಿಯುವುದನ್ನು ನಿಷೇಧಿಸಿದವು. ಹೀಗಾಗಿ ಈ ರಾಜ್ಯಗಳಲ್ಲಿ ಹೆರಿಂಗ್ ಓಟದ ಕಾಲದ ಮೀನುಗಾರಿಕೆ ಬಹುತೇಕ ಕೃತಕ ಎರೆಯ ಮೇಲೆ ನಿಂತಿದೆ. ಅಗಲವಾದ ಪಕ್ಕೆ, ಬಿಳಿ ಹೊಟ್ಟೆ, ನಸುಗಪ್ಪು ಬೆನ್ನುಳ್ಳ, 15ರಿಂದ 25 ಸೆಂಟಿಮೀಟರ್ ಉದ್ದದ ಎರೆಗಳು ಇದಕ್ಕೆ ಒಪ್ಪುತ್ತವೆ.

ಸ್ಯಾಂಡ್ ಈಲ್ ಇದಕ್ಕೆ ತೀರ ಭಿನ್ನ. ಪೆನ್ಸಿಲ್‌ನಂತೆ ತೆಳ್ಳಗಿರುವ ಈ ಮೀನು ಮರಳಿನಲ್ಲಿ ಹುದುಗಿಕೊಳ್ಳುತ್ತದೆ. ತೆಳುವಾದ ಲೋಹದ ಎರೆ, ಉದ್ದನೆಯ ಮೃದು ಪ್ಲಾಸ್ಟಿಕ್ ಅಥವಾ ಯಾವ ಕುಲುಕಾಟವೂ ಇಲ್ಲದೆ ನೇರವಾಗಿ ಸಾಗುವ ಸೂಜಿಯಾಕಾರದ ಮರದ ಎರೆ ಇದನ್ನು ಹೋಲುತ್ತದೆ. ಕೈಯಲ್ಲಿ ಹಿಡಿದಾಗ ನಿರ್ಜೀವ ಕಡ್ಡಿಯಂತೆ ತೋರುವ ಈ ಎರೆ ರಾತ್ರಿ ವೇಳೆ ದೊಡ್ಡ ಮೀನುಗಳನ್ನು ತಂದುಕೊಡುವುದು ಹೊಸಬರಿಗೆ ಸೋಜಿಗ. ಮೇ ತಿಂಗಳಲ್ಲಿ ದಡ ಸಮೀಪಿಸುವ ಸ್ಕ್ವಿಡ್ (ಕರ್ನಾಟಕದ ಕರಾವಳಿಯಲ್ಲಿ ಬೊಂಡಾಸ್) ಹಿಂಡುಗಳ ಹಿಂದೆಯೂ ಬಾಸ್ ಬರುತ್ತದೆ. ಆಗ ನಸುಗೆಂಪು ಅಥವಾ ಬಿಳಿ ಬಣ್ಣದ ಎರೆಗಳು ಬಳಕೆಯಲ್ಲಿವೆ.

ಗಾತ್ರದ ವಿಷಯದಲ್ಲಿ ಅತ್ಯಂತ ಕಠಿಣ ಪಾಠ ಕಲಿಸುವುದು ಹುಳುಗಳ ಹಿಂಡು. ರೋಡ್ ಐಲೆಂಡ್‌ನ ನಿನಿಗ್ರೆಟ್ ಮೊದಲಾದ ಉಪ್ಪುನೀರಿನ ಕೊಳಗಳಲ್ಲಿ ಮೇ ತಿಂಗಳ ಬೆಚ್ಚನೆಯ ಸಂಜೆಗಳಲ್ಲಿ ತಳದ ಕೆಸರಿನಿಂದ ಸಮುದ್ರದ ಹುಳುಗಳು ಅಸಂಖ್ಯವಾಗಿ ಮೇಲೆದ್ದು, ಮೇಲ್ಮೈಯಲ್ಲಿ ಸುತ್ತು ಹಾಕುತ್ತ ಸಂತಾನೋತ್ಪತ್ತಿ ಮಾಡುತ್ತವೆ. ಕೆಲವೇ ಸೆಂಟಿಮೀಟರ್ ಉದ್ದದ ಈ ಹುಳುಗಳನ್ನು ಬಾಸ್‌ಗಳು ಬಾಯಿತೆರೆದು ನಿರಾಯಾಸವಾಗಿ ಹೀರುತ್ತವೆ. ಕಣ್ಣೆದುರಿಗೇ ನೂರಾರು ಮೀನು ಏಳುತ್ತಿದ್ದರೂ ದೊಡ್ಡ ಎರೆಯನ್ನು ಅವು ತಿರುಗಿಯೂ ನೋಡುವುದಿಲ್ಲ. ಸಣ್ಣ ರೋಮದ ಎರೆ, ಅಥವಾ ತೇಲುಬೆಂಡಿನ ಹಿಂದೆ ಕಟ್ಟಿದ ಚಿಕ್ಕ ಪ್ಲಾಸ್ಟಿಕ್ ಹುಳು ಮಾತ್ರ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಎರೆಗಳ ವಿಧಗಳು

ಸೀಸದ ತಲೆಗೆ ಜಿಂಕೆಯ ಬಾಲದ ರೋಮ ಕಟ್ಟಿದ ‘ಬಕ್‌ಟೇಲ್ ಜಿಗ್’ ಇವುಗಳಲ್ಲಿ ಹಳೆಯದು, ಬಹುಶಃ ಎಲ್ಲಕ್ಕಿಂತ ಉಪಯುಕ್ತವೂ ಹೌದು. ರೋಮ ನೀರಿನ ಸೆಳೆತಕ್ಕೆ ತಾನೇ ಅಲುಗಾಡುವುದರಿಂದ ಎರೆಯನ್ನು ಬಹಳ ನಿಧಾನವಾಗಿ ಎಳೆದರೂ ಜೀವವಿರುವಂತೆ ಕಾಣುತ್ತದೆ. ಇಲ್ಲಿ ತೂಕದ ಆಯ್ಕೆಯೇ ಮುಖ್ಯ. ಎರೆ ಆಗಾಗ ತಳವನ್ನು ತಟ್ಟಬೇಕು, ಆದರೆ ಅಲ್ಲೇ ನೆಟ್ಟು ನಿಲ್ಲಬಾರದು. ಶಾಂತವಾದ ಕೊಳಕ್ಕೆ 10 ಗ್ರಾಂ ಸಾಕಾದರೆ, ರಭಸದ ಸೆಳೆತವಿರುವ ಕೇಪ್ ಕಾಡ್ ಕಾಲುವೆಯಲ್ಲಿ ಅದರ ಹತ್ತುಪಟ್ಟು ತೂಕವೂ ಬೇಕಾಗಬಹುದು.

ಮೃದು ಪ್ಲಾಸ್ಟಿಕ್ ಎರೆಗಳ ಇತಿಹಾಸ ಒಹಾಯೊ ರಾಜ್ಯದ ಏಕ್ರನ್ ನಗರದ ನಿಕ್ ಕ್ರೀಮ್ 1949ರಲ್ಲಿ ತಯಾರಿಸಿದ ಪ್ಲಾಸ್ಟಿಕ್ ಎರೆಹುಳುವಿನಿಂದ ಆರಂಭವಾಗುತ್ತದೆ. ಮೂಲತಃ ಸಿಹಿನೀರಿಗೆಂದು ಹುಟ್ಟಿದ ಈ ಬಗೆ ಈಗ ಕರಾವಳಿಯಲ್ಲೂ ಸಾಮಾನ್ಯ. ಚಪ್ಪಟೆ ಬಾಲವುಳ್ಳವು ನಿಧಾನ ಗತಿಯಲ್ಲೂ ಬಾಲ ಬಡಿಯುತ್ತವೆ. ಬಾಲ ಚೂಪಾದವುಗಳಿಗೆ ಮೀನುಗಾರನೇ ಕೋಲಿನ ತುದಿಯಿಂದ ಜೀವ ಕೊಡಬೇಕು. ಇವುಗಳ ದೌರ್ಬಲ್ಯ ಮೇ ಮಧ್ಯದ ನಂತರ ಬಯಲಾಗುತ್ತದೆ. ಬಾಸ್‌ನ ಬಾಯಲ್ಲಿ ಕತ್ತರಿಸುವಂಥ ಹಲ್ಲುಗಳಿಲ್ಲ, ಆದರೆ ಆ ಹೊತ್ತಿಗೆ ಬರುವ ಬ್ಲೂಫಿಶ್‌ಗೆ ಕ್ಷೌರದ ಕತ್ತಿಯಂಥ ಹಲ್ಲುಗಳಿವೆ. ಒಂದೊಂದು ಎಸೆತಕ್ಕೂ ಒಂದೊಂದು ಬಾಲ ಕಳೆದುಕೊಳ್ಳುವ ಬದಲು ಲೋಹ ಅಥವಾ ಮರದ ಎರೆಗೆ ಬದಲಾಯಿಸುವುದು ರೂಢಿ.

ಮರದ ಎರೆಗಳಿಗೆ ‘ಪ್ಲಗ್’ ಎಂಬ ಹೆಸರಿದೆ. ಮುಂಭಾಗದಲ್ಲಿ ಓರೆಯಾಗಿ ಕೂರಿಸಿದ ತಗಡಿಗೆ ನೀರು ಬಡಿದಾಗ ಎರೆಯ ತಲೆ ಕೆಳಗೆ ಬಾಗಿ, ಮೈ ಅತ್ತಿತ್ತ ಓಲಾಡುತ್ತದೆ. ತಗಡು ಉದ್ದವಾದಷ್ಟೂ, ಅದರ ಓರೆ ಕಡಿಮೆಯಾಗಿ ಮೈಯ ನೇರಕ್ಕೆ ಬಂದಷ್ಟೂ ಎರೆ ಹೆಚ್ಚು ಆಳಕ್ಕಿಳಿಯುತ್ತದೆ. ತೇಲುವ ಮರದಿಂದ ಮಾಡಿದ್ದಾದರೆ ಎಳೆಯುವುದನ್ನು ನಿಲ್ಲಿಸಿದೊಡನೆ ಮೇಲೇಳುವುದರಿಂದ ಬಂಡೆಗಳ ಮೇಲಿನ ತೆಳುನೀರಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮ್ಯಾಸಚೂಸೆಟ್ಸ್‌ನ ಬಾಬ್ ಪಾಂಡ್ 1940ರ ದಶಕದಲ್ಲಿ ತಯಾರಿಸಿದ ‘ಆಟಮ್’ ಪ್ಲಗ್ ಈ ಬಗೆಯನ್ನು ಜನಪ್ರಿಯಗೊಳಿಸಿದವುಗಳಲ್ಲೊಂದು. ಮೀನು ಹಿಡಿಯುವ ಸಾಧನ ಮಾರಿದ ಅದೇ ಪಾಂಡ್ ಮುಂದೆ ಬಾಸ್ ಸಂರಕ್ಷಣೆಯ ಹೋರಾಟಗಾರರಾದರು.

ಫ್ಲೈ ಎಂದು ಕರೆಯುವ ರೋಮ–ಗರಿಗಳ ಹಗುರ ಎರೆಗಳಿಗೆ ಬೇರೆಯೇ ಕೋಲು, ಬೇರೆಯೇ ನೂಲು ಬೇಕು. ಮೇರಿಲ್ಯಾಂಡ್‌ನ ಲೆಫ್ಟಿ ಕ್ರೇ ಚೆಸಪೀಕ್‌ನ ಬಾಸ್‌ಗಾಗಿ ರೂಪಿಸಿದ ‘ಡಿಸೀವರ್’ ಎಷ್ಟು ಪ್ರಸಿದ್ಧವಾಯಿತೆಂದರೆ 1991ರಲ್ಲಿ ಅಮೆರಿಕದ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂತು.

ಬಣ್ಣ

ಎರೆಗಳ ಅಂಗಡಿಯಲ್ಲಿ ಬಣ್ಣಕ್ಕಿರುವ ಪ್ರಾಮುಖ್ಯ ನೀರಿನಲ್ಲಿಲ್ಲ. ಎರೆ ಸರಿಯಾದ ಆಳದಲ್ಲಿ, ಸರಿಯಾದ ವೇಗದಲ್ಲಿ ಸಾಗದಿದ್ದರೆ ಯಾವ ಬಣ್ಣವೂ ನೆರವಾಗದು. ಮಳೆ ಹಾಗೂ ಕರಗಿದ ಹಿಮದಿಂದ ವಸಂತದ ಅಳಿವೆಗಳು ಕದಡಿದಾಗ ಬಿಳಿ, ಹಳದಿ ಅಥವಾ ಹಳದಿಮಿಶ್ರಿತ ಹಸಿರು ಎದ್ದು ಕಾಣುತ್ತವೆ. ತಿಳಿನೀರಿಗೆ ಆಹಾರ ಮೀನಿನ ಸಹಜ ಬಣ್ಣ ಸಾಕು. ಕತ್ತಲೆಯಲ್ಲಿ ಕಪ್ಪು ಎರೆ ಬಳಸುವುದು ವಿಚಿತ್ರವೆನಿಸಿದರೂ ಅದಕ್ಕೆ ಕಾರಣವಿದೆ: ಕೆಳಗಿನಿಂದ ನೋಡುವ ಮೀನಿಗೆ ನಸುಬೆಳಕಿನ ಆಕಾಶದ ಹಿನ್ನೆಲೆಯಲ್ಲಿ ಕಪ್ಪು ಆಕೃತಿಯೇ ಸ್ಪಷ್ಟ.

ಗಾಳ, ಬಿಡುಗಡೆ ಮತ್ತು ಸಂರಕ್ಷಣೆ

ಅತಿಯಾದ ಮೀನುಗಾರಿಕೆಯಿಂದ 1980ರ ದಶಕದಲ್ಲಿ ಪಟ್ಟೆ ಬಾಸ್ ಸಂತತಿ ಕುಸಿದಿತ್ತು. 1984ರಲ್ಲಿ ಅಮೆರಿಕದ ಸಂಸತ್ತು ಇದರ ರಕ್ಷಣೆಗಾಗಿಯೇ ಕಾಯಿದೆ ಮಾಡಿತು. ಮೇರಿಲ್ಯಾಂಡ್ 1985ರಿಂದ 1990ರವರೆಗೆ ಇದನ್ನು ಹಿಡಿಯುವುದನ್ನೇ ನಿಲ್ಲಿಸಿತು. 1995ರಲ್ಲಿ ಸಂತತಿ ಚೇತರಿಸಿಕೊಂಡಿದೆ ಎಂದು ಘೋಷಿಸಲಾಯಿತಾದರೂ 2019ರಲ್ಲಿ ಪ್ರಕಟವಾದ ಮೌಲ್ಯಮಾಪನ ಅದು ಮತ್ತೆ ಮಿತಿಮೀರಿ ಕುಗ್ಗಿದೆಯೆಂದು ತಿಳಿಸಿತು. ಅಟ್ಲಾಂಟಿಕ್ ರಾಜ್ಯಗಳ ಸಾಗರ ಮೀನುಗಾರಿಕಾ ಆಯೋಗ 2029ರೊಳಗೆ ಅದನ್ನು ಪುನಃಸ್ಥಾಪಿಸುವ ಗುರಿ ಇಟ್ಟುಕೊಂಡಿದೆ. ಸಾಗರ ತೀರದಲ್ಲಿ ಹವ್ಯಾಸಿಗಳು ಇಟ್ಟುಕೊಳ್ಳಬಹುದಾದ ಮೀನಿನ ಉದ್ದವನ್ನು 2023ರಲ್ಲಿ 28ರಿಂದ 31 ಇಂಚುಗಳಿಗೆ (ಸುಮಾರು 71ರಿಂದ 79 ಸೆಂಟಿಮೀಟರ್) ಸೀಮಿತಗೊಳಿಸಲಾಯಿತು.

ಹಿಡಿದ ಬಹುಪಾಲು ಮೀನುಗಳನ್ನು ಹೀಗಾಗಿ ನೀರಿಗೆ ಮರಳಿಸಬೇಕಾಗುತ್ತದೆ. ಮರಳಿಸಿದವೆಲ್ಲ ಬದುಕುವುದಿಲ್ಲ. ಆಯೋಗದ ಲೆಕ್ಕಾಚಾರದಲ್ಲಿ ಬಿಟ್ಟ ಮೀನುಗಳ ಪೈಕಿ ಶೇ. 9ರಷ್ಟು ಸಾಯುತ್ತವೆ. ಬಿಡುವ ಮೀನುಗಳ ಸಂಖ್ಯೆಯೇ ಅಪಾರವಾದ್ದರಿಂದ ಒಟ್ಟು ಸಾವಿನಲ್ಲಿ ಇದರ ಪಾಲು ದೊಡ್ಡದು. ಎರೆಯ ಆಯ್ಕೆ ಇಲ್ಲಿ ಕೇವಲ ಮೀನುಗಾರನ ಲಾಭನಷ್ಟದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಿಜವಾದ ಎರೆಯನ್ನು ಮೀನು ನುಂಗುವುದರಿಂದ ಗಾಳ ಕರುಳಿಗೆ ಸಿಕ್ಕುವ ಅಪಾಯ ಹೆಚ್ಚು. ಚಲಿಸುವ ಕೃತಕ ಎರೆಯ ಗಾಳ ಸಾಮಾನ್ಯವಾಗಿ ತುಟಿ ಅಥವಾ ದವಡೆಗೆ ಚುಚ್ಚುತ್ತದೆ. ನೈಸರ್ಗಿಕ ಎರೆ ಬಳಸುವವರಿಗೆ ವೃತ್ತಾಕಾರದ ಗಾಳವನ್ನು 2021ರಲ್ಲಿ ಕಡ್ಡಾಯಗೊಳಿಸಿದ್ದು ಇದೇ ಕಾರಣಕ್ಕೆ.

ಆದರೆ ಕೃತಕ ಎರೆಗಳೂ ನಿರಪಾಯವಲ್ಲ. ಅಂಗಡಿಯಲ್ಲಿ ಸಿಗುವ ಪ್ಲಗ್‌ಗಳಲ್ಲಿ ಸಾಮಾನ್ಯವಾಗಿ ಮೂರು ಕವಲಿನ ಗಾಳಗಳು ಎರಡು ಮೂರು ಇರುತ್ತವೆ. ಒಂದು ಬಾಯಿಗೆ ಸಿಕ್ಕರೆ ಇನ್ನೊಂದು ಕಣ್ಣಿಗೋ ಕಿವಿರಿಗೋ ತಗುಲುತ್ತದೆ, ಬಿಡಿಸುವವನ ಬೆರಳಿಗೂ ತಗುಲುವುದುಂಟು. ಅನೇಕರು ಅವುಗಳನ್ನು ತೆಗೆದು ಒಂಟಿ ಗಾಳ ಹಾಕುತ್ತಾರೆ, ಗಾಳದ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಾರೆ. ಹೀಗೆ ಮಾಡುವಾಗ ತೂಕ ವ್ಯತ್ಯಾಸವಾಗಿ ಎರೆಯ ಓಲಾಟ ಕೆಡಬಹುದಾದ್ದರಿಂದ ಹೊಸ ಗಾಳದ ತೂಕ ಹಳೆಯದಕ್ಕೆ ಸಮೀಪವಿರುವಂತೆ ನೋಡಿಕೊಳ್ಳಲಾಗುತ್ತದೆ. ನೂಲು ಮತ್ತು ಕೋಲು ತೀರ ಹಗುರವಾಗಿದ್ದರೆ ಮೀನು ಬಹಳ ಹೊತ್ತು ಸೆಣಸಿ ಬಳಲುತ್ತದೆ. ಬೆಚ್ಚನೆಯ, ಉಪ್ಪಿನಂಶ ಕಡಿಮೆಯಿರುವ ನೀರಿನಲ್ಲಿ ಈ ಬಳಲಿಕೆ ಹೆಚ್ಚು ಮಾರಕ.

ಚೆಸಪೀಕ್‌ನಲ್ಲಿ 2019ರಿಂದೀಚೆಗೆ ಸತತವಾಗಿ ಹಲವು ವರ್ಷ ಮರಿಗಳ ಸಂಖ್ಯೆ ಸರಾಸರಿಗಿಂತ ಕೆಳಗಿದೆ. ಮೇರಿಲ್ಯಾಂಡ್ 2024ರಲ್ಲಿ ದೊಡ್ಡ ಮೀನುಗಳಿಗಾಗಿದ್ದ ವಸಂತದ ವಿಶೇಷ ಮೀನುಗಾರಿಕಾ ಅವಧಿಯನ್ನು ರದ್ದುಗೊಳಿಸಿತು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.