ಹೊಸ ಮನೆಗೆ ಬ್ರಾಡ್‌ಬ್ಯಾಂಡ್: ಗಾರೆ ಮೆತ್ತುವ ಮುಂಚೆಯೇ ಯೋಚಿಸಿ



ಮಲೆನಾಡಿನಲ್ಲಿ ಮನೆ ಕಟ್ಟಲು ಹೊರಟವರು ಮೊದಲು ನೀರಿನ ಆಸರೆ ನೋಡುತ್ತಾರೆ. ಆಮೇಲೆ ರಸ್ತೆ, ಕರೆಂಟು, ಕಣಕ್ಕೆ ಬೀಳುವ ಬಿಸಿಲು. ಇಷ್ಟಾದರೆ ಮನೆಗೆ ಬೇಕಾದುದೆಲ್ಲ ಆಯಿತೆಂದು ನಮ್ಮ ಹಿರಿಯರು ತಿಳಿದಿದ್ದರು. ಈಗ ಆ ಪಟ್ಟಿಗೆ ಬ್ರಾಡ್‌ಬ್ಯಾಂಡ್ ಎಂಬ ಇನ್ನೊಂದು ಬಾಬ್ತು ಸೇರಿದೆ. ಆದರೆ ನಮ್ಮಲ್ಲಿ ಬಹುಮಂದಿ ಗೃಹಪ್ರವೇಶದ ಊಟ ಮುಗಿದ ಮೇಲೆಯೇ ಇದರ ನೆನಪು ಮಾಡಿಕೊಳ್ಳುತ್ತೇವೆ. ನಾವೂ ಹಾಗೆಯೇ ಮಾಡಿ ಕಷ್ಟಪಟ್ಟವರು. ಆ ಅನುಭವ ಇತರ ಸದಸ್ಯರಿಗಾದರೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಆಲ್ದೂರಿನಿಂದ ಕೆಲವು ಮೈಲಿ ಒಳಗಿರುವ ತೋಟದಲ್ಲಿ ನಾವು ಹೊಸ ಮನೆ ಕಟ್ಟಿಸಿ ಯುಗಾದಿಗೆ ಒಕ್ಕಲಾದೆವು. ಬ್ರಾಡ್‌ಬ್ಯಾಂಡ್ ಸರಿಯಾಗಿ ನಡೆದದ್ದು ದೀಪಾವಳಿಗೆ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತ ತೋಟವನ್ನೂ ನೋಡಿಕೊಳ್ಳುತ್ತೇನೆಂದು ಬಂದಿದ್ದ ಮಗ ಆ ಏಳು ತಿಂಗಳೂ ಬೆಳಿಗ್ಗೆ ಎದ್ದು ಆಲ್ದೂರಿಗೆ ಹೋಗಿ ಕಾರಿನಲ್ಲಿ ಕುಳಿತು ಕೆಲಸ ಮಾಡಬೇಕಾಯಿತು. ಆಗಸ್ಟ್ ತಿಂಗಳ ಮಳೆಯಲ್ಲಿ ಒಂದು ದಿನ ಅವನು, "ಅಪ್ಪಾ, ಇದು ಹೀಗೇ ಆದರೆ ನಾನು ವಾಪಸು ಹೋಗಬೇಕಾಗುತ್ತದೆ" ಎಂದ. ತೋಟಕ್ಕೆ ಮುಂದಿನ ತಲೆಮಾರು ನಿಲ್ಲುವುದೋ ಇಲ್ಲವೋ ಎಂಬ ಪ್ರಶ್ನೆ ಒಂದು ತಂತಿಯ ಮೇಲೆ ನಿಂತಿದೆಯೆಂದು ನಮಗೆ ತಿಳಿದದ್ದು ಅಂದು.

ಮಗನ ಉದ್ಯೋಗವೊಂದೇ ಅಲ್ಲ. 2020 ಮತ್ತು 2021ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ಯಾರೂ ಮರೆತಿಲ್ಲ. ಪಹಣಿ ತೆಗೆಯುವುದು, ಆಯಾ ದಿನದ ಕಾಫಿ ಧಾರಣೆ ನೋಡುವುದು, ಬ್ಯಾಂಕಿನ ವ್ಯವಹಾರ ಎಲ್ಲವೂ ಅಂತರ್ಜಾಲಕ್ಕೆ ಬಂದಿವೆ. 2023ರಲ್ಲಿ ಯುರೋಪ್ ಒಕ್ಕೂಟವು ಮಾಡಿದ ಅರಣ್ಯನಾಶ ತಡೆ ನಿಯಮವು ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂಬುದರ ಭೂನಕ್ಷೆಯ ಗುರುತನ್ನೂ ಕೇಳುತ್ತದೆ. ಸಣ್ಣ ಬೆಳೆಗಾರನೂ ಇದರಿಂದ ಹೊರಗುಳಿಯುವಂತಿಲ್ಲ.

ತಾಮ್ರದಿಂದ ಗಾಜಿಗೆ

ಹಿಂದೆ ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲವಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ 128 ಲೈನುಗಳ ವಿನಿಮಯ ಕೇಂದ್ರಗಳಲ್ಲಿ ಮೊದಲನೆಯದು 1986ರಲ್ಲಿ ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ ಆರಂಭವಾಯಿತು. ಅದಾದ ಮೇಲೆ ಹಳ್ಳಿಹಳ್ಳಿಗೂ ಫೋನು ಬಂತು. 2005ರಲ್ಲಿ ಬಿ.ಎಸ್.ಎನ್.ಎಲ್. ಅದೇ ತಾಮ್ರದ ಜೋಡಿ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಕೊಡತೊಡಗಿತು. ಆದರೆ ತಾಮ್ರದ ತಂತಿಯಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ವಿನಿಮಯ ಕೇಂದ್ರದಿಂದ ನಾಲ್ಕೈದು ಕಿಲೋಮೀಟರ್ ದಾಟಿದ ತೋಟದ ಮನೆಗಳಿಗೆ ಅದು ಹೆಸರಿಗೆ ಮಾತ್ರ ಇತ್ತು.

ಈಗಿನದು ಫೈಬರ್, ಅಂದರೆ ತಲೆಗೂದಲಿನಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಕೇಂದ್ರದಿಂದ ಹೊರಟ ಒಂದು ಎಳೆಯ ಬೆಳಕನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಣ್ಣ ಪೆಟ್ಟಿಗೆಯಲ್ಲಿ ಎಂಟಾಗಿ, ಮುಂದೆ ಮತ್ತೆ ಎಂಟಾಗಿ ಸೀಳಿ, 64 ಮನೆಗಳಿಗೆ ಹಂಚಬಹುದು. ಒಂದೇ ಕಾಲುವೆಯ ನೀರನ್ನು ಗದ್ದೆಗದ್ದೆಗೆ ತಿರುಗಿಸಿದ ಹಾಗೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಬೆಳಕಿನ ನಷ್ಟವನ್ನು ಡೆಸಿಬೆಲ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕೇಂದ್ರದಿಂದ ಮನೆಯವರೆಗೆ ಸುಮಾರು 28 ಡೆಸಿಬೆಲ್ ನಷ್ಟವನ್ನು ಈ ವ್ಯವಸ್ಥೆ ತಾಳುತ್ತದೆ. ಎಂಟು ಕವಲಿನ ಒಂದು ಸ್ಪ್ಲಿಟರ್ ಸುಮಾರು 10 ಡೆಸಿಬೆಲ್ ನುಂಗುತ್ತದೆ, ಎರಡಿದ್ದರೆ 20. ಗಾಜಿನ ಎಳೆಯಾದರೋ ಕಿಲೋಮೀಟರಿಗೆ ಅರ್ಧ ಡೆಸಿಬೆಲ್ಲನ್ನೂ ತಿನ್ನುವುದಿಲ್ಲ. ಆದ್ದರಿಂದ ಮನೆ ಹತ್ತು ಕಿಲೋಮೀಟರ್ ಒಳಗಿದೆ ಎಂಬುದು ತೊಂದರೆಯಲ್ಲ. ಕೆಟ್ಟ ಜೋಡಣೆ, ಮಡಿಸಿದ ಕೇಬಲ್, ಧೂಳು ಹಿಡಿದ ಕನೆಕ್ಟರ್ ಇವೇ ಉಳಿದ ಬೆಳಕನ್ನು ಕದಿಯುವ ಕಳ್ಳರು.

ಗೋಡೆ ಏಳುವಾಗಲೇ ಮಾಡಬೇಕಾದ ಕೆಲಸ

ನಮ್ಮ ಮೊದಲನೆಯ ತಪ್ಪು ಇದು. ವೈರಿಂಗಿನವರಿಗೆ ದೀಪ, ಫ್ಯಾನು, ಪಂಪಿನ ಲೆಕ್ಕ ಕೊಟ್ಟೆವು. ಬ್ರಾಡ್‌ಬ್ಯಾಂಡಿಗೆ ಪೈಪು ಹಾಕಿಸಲಿಲ್ಲ. ಕೊನೆಗೆ ಕಿಟಕಿಯ ಪಕ್ಕದ ಗೋಡೆಗೆ ಹೊರಗಿನಿಂದ ತೂತು ಕೊರೆದರು. ತೂತು ಒಳಮುಖವಾಗಿ ಇಳಿಜಾರಾಗಿತ್ತು. ಜೂನ್ ತಿಂಗಳ ಮಳೆ ಕೇಬಲ್ ಹಿಡಿದುಕೊಂಡೇ ಒಳಗೆ ಬಂದು ಹೊಸ ಗೋಡೆಯ ಬಣ್ಣವನ್ನೂ ಸ್ವಿಚ್ ಬೋರ್ಡನ್ನೂ ಕೆಡಿಸಿತು. ಆದ್ದರಿಂದ:

1. ಹೊರಗೋಡೆಯಿಂದ ಮನೆಯ ನಡುಭಾಗದವರೆಗೆ 25 ಮಿಲಿಮೀಟರಿನ ಪಿ.ವಿ.ಸಿ. ಪೈಪನ್ನು ಗಾರೆಗೆ ಮುಂಚೆಯೇ ಹಾಕಿಸಿ. ಕರೆಂಟಿನ ತಂತಿಯೊಡನೆ ಇದನ್ನು ಸೇರಿಸಬಾರದು. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಕೇಬಲ್ ಎಳೆಯಲು ಬೇಕಾಗುತ್ತದೆ.

2. ಮೂಲೆಗಳಲ್ಲಿ ಚೌಕ ಎಲ್ಬೋ ಬೇಡ, ದೊಡ್ಡ ಬಾಗು ಕೊಡಿಸಿ. ಗಾಜಿನ ಎಳೆಯನ್ನು ಚೂಪಾಗಿ ಮಡಿಸಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ.

3. ಹೊರಗಿನ ಬಾಯಿ ಕೆಳಮುಖವಾಗಿರಲಿ. ಕೇಬಲ್ ಒಳಹೋಗುವ ಮುನ್ನ ಬಾಯಿಗಿಂತ ಕೆಳಕ್ಕೆ ಒಂದು ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ.

4. ಮೋಡೆಮ್ ಇಡುವ ಜಾಗ ಮನೆಯ ನಡುವೆ, ಆಳೆತ್ತರದಲ್ಲಿ ಇರಲಿ. ಪಕ್ಕದಲ್ಲಿ ಎರಡು ಪ್ಲಗ್ ಪಾಯಿಂಟ್ ಇರಲಿ. ದಪ್ಪ ಕಲ್ಲುಗೋಡೆ, ಕಾಂಕ್ರೀಟು ಮತ್ತು ಕಬ್ಬಿಣದ ಬೀರು ವೈಫೈ ಅಲೆಗಳನ್ನು ತಡೆಯುತ್ತವೆ. ವೈಫೈಯಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಬಗೆ. ಮೊದಲನೆಯದು ದೂರ ಹೋಗುತ್ತದೆ, ಎರಡನೆಯದು ಹತ್ತಿರದಲ್ಲಿ ವೇಗ ಕೊಡುತ್ತದೆ.

5. ಮಹಡಿಗೂ ಮಕ್ಕಳು ಓದುವ ಕೋಣೆಗೂ ಒಂದೊಂದು ಕ್ಯಾಟ್-6 ತಂತಿ ಎಳೆಸಿ. ಇದು ನೂರು ಮೀಟರಿನವರೆಗೆ ಸಾಗುತ್ತದೆ. ಕಣದ ಗೋದಾಮು ಅದಕ್ಕಿಂತ ದೂರವಿದ್ದರೆ ಅಲ್ಲಿಗೂ ಫೈಬರನ್ನೇ ಎಳೆಯಬೇಕು.

ರಸ್ತೆಯಿಂದ ಮನೆಗೆ

ಪೇಟೆಯ ಮನೆಗೂ ತೋಟದ ಮನೆಗೂ ವ್ಯತ್ಯಾಸ ಇಲ್ಲಿಯೇ. ನಮ್ಮಲ್ಲಿ ಡಾಮರು ರಸ್ತೆಯಿಂದ ಮನೆಗೆ ಸುಮಾರು ನಾನೂರು ಮೀಟರ್. ಕೇಬಲ್ ತಂದವರು ಮೇ ತಿಂಗಳ ಕೊನೆಯಲ್ಲಿ ಅದನ್ನು ಸಿಲ್ವರ್ ಮರಗಳಿಗೆ ಕಟ್ಟಿ ಒಂದೇ ದಿನದಲ್ಲಿ ಮನೆ ಮುಟ್ಟಿಸಿದರು. ನಾವೂ ಸಂತೋಷಪಟ್ಟೆವು. ವಾರ ಕಳೆಯುವುದರೊಳಗೆ ನಮ್ಮದೇ ಆಳುಗಳು ಮರಗಸಿ ಮಾಡುವಾಗ ಕೊಂಬೆ ಬಿದ್ದು ಕೇಬಲ್ ತುಂಡಾಯಿತು. ಜೋಡಿಸಿದರು. ಜೂನ್ ಗಾಳಿಗೆ ಮತ್ತೆ ಹರಿಯಿತು, ಮತ್ತೆ ಜೋಡಿಸಿದರು. ಅಲ್ಲಿಂದ ಬಿಸಿಲಿದ್ದರೆ ನಡೆಯುತ್ತಿತ್ತು, ಮಳೆ ಬಂದರೆ ನಿಲ್ಲುತ್ತಿತ್ತು. ಆಮೇಲೆ ಅದೂ ಇಲ್ಲ.

ಅಡಿಕೆ ಮರಕ್ಕೆ ಕಟ್ಟುವುದಂತೂ ಕೂಡದು. ಗಾಳಿಗೆ ಅಡಿಕೆ ಮರ ಬಾಗಿದಷ್ಟೂ ಕೇಬಲ್ ಎಳೆದಾಡುತ್ತದೆ. ಔಷಧಿ ಹೊಡೆಯುವವರಿಗೂ ಕೊನೆ ಕೊಯ್ಯುವವರಿಗೂ ಅದು ಅಡ್ಡ. ಮೆಸ್ಕಾಂ ಕಂಬಕ್ಕೆ ಅನುಮತಿ ಇಲ್ಲದೆ ಕಟ್ಟುವುದು ನಿಯಮಕ್ಕೆ ವಿರುದ್ಧ. ಅಷ್ಟೇ ಅಲ್ಲ, ಪ್ರಾಣಾಪಾಯ. ಇನ್ನು ಕಾಡಾನೆ ನಡೆದಾಡುವ ದಾರಿಯಲ್ಲಿ ಕೆಳಗೆ ಜೋತ ಕೇಬಲ್ ಉಳಿಯುವುದಿಲ್ಲವೆಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ.

ನಮಗೆ ಕೊನೆಗೆ ಒದಗಿದ್ದು ಸ್ಪ್ರಿಂಕ್ಲರ್‌ಗೆಂದು ತಂದು ಉಳಿದಿದ್ದ ಎಚ್.ಡಿ.ಪಿ.ಇ. ಪೈಪು. ಮಳೆ ಹಿಂದೆಗೆದ ಮೇಲೆ ತೋಟದ ರಸ್ತೆಯ ಅಂಚಿನಲ್ಲಿಯೇ ಎರಡಡಿ ಆಳದ ಚರಂಡಿ ತೆಗೆಸಿ, ಪೈಪು ಹೂಳಿಸಿ, ಅದರೊಳಗೆ ಜೋಡಣೆಯಿಲ್ಲದ ಒಂದೇ ಉದ್ದದ ಹೊಸ ಕೇಬಲ್ ಎಳೆಸಿದೆವು. ಗಿಡದ ಸಾಲಿನ ನಡುವೆ ಹೂಳಬಾರದು. ಮುಂದೆ ಸಸಿಗೆ ಗುಂಡಿ ತೆಗೆಯುವವರ ಪಿಕಾಸಿ ಅದನ್ನು ಹುಡುಕಿಯೇ ಹುಡುಕುತ್ತದೆ. ಪೈಪು ತಿರುಗುವ ಕಡೆ ಒಂದೊಂದು ಕಲ್ಲು ನೆಟ್ಟು ಗುರುತು ಮಾಡಿ, ನಕ್ಷೆಯೊಂದನ್ನು ಬರೆದಿಡಿ. ಮೋರಿ ದಾಟುವಲ್ಲಿ ಕಬ್ಬಿಣದ ಪೈಪಿನ ರಕ್ಷಣೆ ಕೊಡಿ. ನೆರೆಯವರ ಜಮೀನಿನಲ್ಲಿ ಹಾದುಹೋಗುವುದಾದರೆ ಮೊದಲು ಅವರನ್ನು ಕೇಳಿ, ಒಪ್ಪಿಗೆಯನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಅರ್ಜಿ ಹಾಕುವ ಮುನ್ನ

ಹತ್ತಿರದ ಸ್ಪ್ಲಿಟರ್ ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಖಾಲಿ ಕವಲು ಇದೆಯೇ ಎಂದು ಮೊದಲು ವಿಚಾರಿಸಿ. ಹಳ್ಳಿಗಳಲ್ಲಿ ಬಿ.ಎಸ್.ಎನ್.ಎಲ್. ಫೈಬರನ್ನು ಮನೆಗೆ ತಲುಪಿಸುವವರು ಬಹುಮಟ್ಟಿಗೆ ಅದರೊಡನೆ ಒಪ್ಪಂದ ಮಾಡಿಕೊಂಡ ಸ್ಥಳೀಯ ಪಾಲುದಾರರು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಭಾರತ್‌ನೆಟ್ ಎಂಬುದು ಅದರ ಈಗಿನ ಹೆಸರು. 2023ರಲ್ಲಿ ಅದರ ಪರಿಷ್ಕೃತ ಕಾರ್ಯಕ್ರಮಕ್ಕೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಆದ್ದರಿಂದ ಪಂಚಾಯಿತಿ ಕಚೇರಿಯಲ್ಲಿಯೂ ಒಂದು ಮಾತು ಕೇಳುವುದು ಒಳ್ಳೆಯದು.

ಹೊಸ ಮನೆಗೆ ವಿಳಾಸದ ದಾಖಲೆಯೇ ತೊಡಕಾಗುವುದುಂಟು. ಆಧಾರ್ ಕಾರ್ಡಿನಲ್ಲಿ ಹಳೆಯ ವಿಳಾಸವಿದ್ದರೆ ಹೊಸ ಮನೆಗೆ ಯಾವ ದಾಖಲೆ ಒಪ್ಪುತ್ತಾರೆ, ಮೆಸ್ಕಾಂ ಬಿಲ್ಲು ಸಾಕೇ ಎಂದು ಮೊದಲೇ ಕೇಳಿಕೊಳ್ಳಿ. ಕೇಬಲ್ಲಿನ ಖರ್ಚು ಯಾರದು, ಎಷ್ಟು ಮೀಟರಿನವರೆಗೆ ಉಚಿತ, ಮೋಡೆಮ್ ನಮ್ಮದೋ ಬಾಡಿಗೆಯದೋ, ಠೇವಣಿ ವಾಪಸು ಬರುವುದೇ, ಇವಿಷ್ಟನ್ನೂ ಬರೆಸಿಕೊಳ್ಳಿ. ಹೇಳುವ ಮಾಸಿಕ ದರದ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸೇರುತ್ತದೆ. "ಮುಂದಿನ ವಾರ" ಎಂಬ ಮಾತನ್ನು ನಾವು ಎರಡು ತಿಂಗಳು ಕೇಳಿದೆವು; ಅರ್ಜಿಯ ಸಂಖ್ಯೆ ಕೈಯಲ್ಲಿಲ್ಲದ ಕಾರಣ ಗಟ್ಟಿಯಾಗಿ ಕೇಳಲೂ ಆಗಲಿಲ್ಲ.

ವೇಗದ ವಿಷಯ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನುತ್ತಿದ್ದರು. 2023ರಿಂದ ಕನಿಷ್ಠ 2 ಮೆಗಾಬಿಟ್ ಬೇಕು. ಮುಖ ನೋಡಿ ಮಾತಾಡುವ ಒಂದು ಕರೆಗೆ ಮೂರು ನಾಲ್ಕು ಮೆಗಾಬಿಟ್ ಸಾಕು. ಆದ್ದರಿಂದ ಸಾಧಾರಣ ಸಂಸಾರಕ್ಕೆ 30ರಿಂದ 50 ಮೆಗಾಬಿಟ್ಟಿನ ಯೋಜನೆ ಧಾರಾಳ. ತಿಂಗಳ ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆಂಬುದನ್ನು ಮಾತ್ರ ಕೇಳಲೇಬೇಕು.

ಸಂಪರ್ಕ ಕೊಟ್ಟ ದಿನ

ಬಂದವರ ಬಳಿ ಬೆಳಕು ಅಳೆಯುವ ಪವರ್ ಮೀಟರ್ ಇರುತ್ತದೆ. ನಿಮ್ಮ ಎದುರಿನಲ್ಲೇ ಅಳೆಸಿ, ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮೈನಸ್ 20ರ ಆಸುಪಾಸು ಇದ್ದರೆ ಉತ್ತಮ. ಮೈನಸ್ 25ರವರೆಗೆ ನಡೆಯುತ್ತದೆ. ಮೈನಸ್ 27 ದಾಟಿದರೆ ಇಂದು ನಡೆದರೂ ನಾಳೆ ನಿಲ್ಲುತ್ತದೆ. ಎರಡು ಸಲ ಜೋಡಿಸಿದ ಮೇಲೆ ನಮ್ಮದು ಮೈನಸ್ 29 ಇತ್ತು. ಆ ಅಂಕಿ ಕೈಗೆ ಬಂದ ಮೇಲೆಯೇ ದೋಷ ಮೋಡೆಮ್ಮಿನದಲ್ಲ, ಕೇಬಲ್ಲಿನದು ಎಂದು ಎರಡೂ ಕಡೆಯವರಿಗೆ ಒಪ್ಪಿಗೆಯಾಯಿತು.

ಮೋಡೆಮ್ಮಿನ ದೀಪಗಳನ್ನೂ ಓದಲು ಕಲಿಯಿರಿ. ಪಾನ್ ಎಂಬ ದೀಪ ಹಸಿರಾಗಿ ನಿಂತಿದ್ದರೆ ಬೆಳಕು ಬರುತ್ತಿದೆ. ಲಾಸ್ ಎಂಬ ದೀಪ ಕೆಂಪಾಗಿ ಮಿಣುಕಿದರೆ ದಾರಿಯಲ್ಲಿ ಎಲ್ಲೋ ತುಂಡಾಗಿದೆ. ಮೋಡೆಮ್ಮನ್ನು ಹತ್ತು ಸಲ ಆರಿಸಿ ಹಾಕಿದರೂ ಪ್ರಯೋಜನವಿಲ್ಲ. ಕತ್ತರಿಸಿದ ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಆ ಬೆಳಕು ಕಾಣಿಸದು, ಆದರೂ ಕಣ್ಣಿಗೆ ಕೆಡುಕು. ಕೆಲಸ ಮುಗಿದ ಕೂಡಲೇ ಕೆಳಗೆ ಬಿದ್ದ ಗಾಜಿನ ಚೂರುಗಳನ್ನು ಒರೆಸಿ ತೆಗೆಸಿ. ಬರಿಗಾಲಿನ ಮಕ್ಕಳಿರುವ ಮನೆ.

ಸಿಡಿಲು ಮತ್ತು ಕರೆಂಟು

ಗಾಜಿನಲ್ಲಿ ಸಿಡಿಲು ಹರಿಯದು. ಆದರೆ ಮೇಲೆ ಎಳೆಯುವ ಕೇಬಲ್ಲಿನಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುವುದುಂಟು, ಅದರಲ್ಲಿ ಹರಿದೀತು. ಆ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಕರೆಂಟಿನ ದಾರಿಯಿಂದಲೂ ಸಿಡಿಲು ಬರುವುದರಿಂದ ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ಗನ್ನು ಕೀಳುವುದೇ ಕ್ಷೇಮ.

ಕರೆಂಟು ಹೋದರೆ ಮೋಡೆಮ್ಮೂ ಹೋಗುತ್ತದೆ. ಅದಕ್ಕೆ ಬೇಕಾಗುವುದು 12 ವೋಲ್ಟಿನ ಸ್ವಲ್ಪ ವಿದ್ಯುತ್ತು ಮಾತ್ರ. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಅದರ ಪಾಯಿಂಟಿಗೆ ಜೋಡಿಸಿ; ಇಲ್ಲದಿದ್ದರೆ ಮೋಡೆಮ್ಮಿಗೆಂದೇ ಸಿಗುವ ಸಣ್ಣ ಯು.ಪಿ.ಎಸ್. ಕೆಲವು ಗಂಟೆ ನಡೆಸುತ್ತದೆ.

ಫೈಬರ್ ಬಾರದ ಕಡೆ

ಮೊಬೈಲ್ ಸಿಗ್ನಲ್ಲಿನಿಂದ ನಡೆಯುವ ಮನೆ ರೂಟರ್‌ಗಳು ಇವೆ. ಆದರೆ ನೆರಳುಮರಗಳ ಒದ್ದೆ ಎಲೆ ಅಲೆಗಳನ್ನು ಹೀರುತ್ತದೆ. ಮಳೆಗಾಲದಲ್ಲೇ ಪರೀಕ್ಷಿಸಿ ನೋಡಿದ ಹೊರತು ಹಣ ಕಟ್ಟಬೇಡಿ. ಆಂಟೆನಾವನ್ನು ಮಾಡಿನ ಮೇಲೆ, ಟವರಿನ ದಿಕ್ಕಿಗೆ ಇಡಿಸಿ. ಉಪಗ್ರಹದ ಬ್ರಾಡ್‌ಬ್ಯಾಂಡಿಗೂ ತೆರೆದ ಆಕಾಶ ಬೇಕು. ಸುತ್ತ ಸಿಲ್ವರ್ ಮರ ಎದ್ದ ಮನೆಗೆ ಇದು ಸುಲಭವಲ್ಲ.

ದೂರು ಕೊಡುವಾಗ

ಬಾಯಿಮಾತಿನ ದೂರು ದೂರಲ್ಲ. ಕಂಪನಿಯ ದೂರು ಕೇಂದ್ರಕ್ಕೆ ತಿಳಿಸಿ, ದೂರಿನ ಸಂಖ್ಯೆಯನ್ನು ದಿನಾಂಕದೊಡನೆ ಬರೆದಿಡಿ. ಅಲ್ಲಿ ಪರಿಹಾರ ಸಿಗದಿದ್ದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮದಂತೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.

ಕೊನೆಯದಾಗಿ, ಒಬ್ಬೊಬ್ಬರೇ ಕೇಳುವುದಕ್ಕಿಂತ ಕೂಡಿ ಕೇಳುವುದು ಮೇಲು. ಒಂದು ಮನೆಗಾಗಿ ಎರಡು ಕಿಲೋಮೀಟರ್ ಕೇಬಲ್ ಎಳೆಯಲು ಯಾರಿಗೂ ಗಿಟ್ಟುವುದಿಲ್ಲ. ಒಂದೇ ದಾರಿಯ ಎಂಟು ಮನೆಯವರು ಒಟ್ಟಿಗೆ ಅರ್ಜಿ ಕೊಟ್ಟರೆ ಒಂದು ಸ್ಪ್ಲಿಟರ್ ಪೆಟ್ಟಿಗೆಯೇ ನಿಮ್ಮ ಗೇಟಿನ ಬಳಿ ಬಂದೀತು. ಚರಂಡಿಯ ಖರ್ಚೂ ಹಂಚಿಹೋಗುತ್ತದೆ. ನಮ್ಮ ಚರಂಡಿಯ ಕೆಲಸ ನೋಡಿದ ಪಕ್ಕದ ಎರಡು ತೋಟದವರು ಅದೇ ಪೈಪಿನಲ್ಲಿ ತಮ್ಮ ಕೇಬಲ್ಲನ್ನೂ ಎಳೆಸಿಕೊಂಡರು. ಮಾರಾಟಕ್ಕೂ ಗೊಬ್ಬರಕ್ಕೂ ಒಂದಾದ ನಾವು ಇದಕ್ಕೂ ಒಂದಾಗಬಾರದೇಕೆ? ಈ ವರ್ಷ ಮನೆ ಕಟ್ಟುತ್ತಿರುವ ಸದಸ್ಯರು ಗಾರೆ ಕೆಲಸಕ್ಕೆ ಮುಂಚೆ ಇದನ್ನೊಮ್ಮೆ ಮೇಸ್ತ್ರಿಗೆ ಓದಿ ಹೇಳಲಿ.

ನಮ್ಮ ಮಗ ಈಗ ಬೆಳಿಗ್ಗೆ ತೋಟ ಸುತ್ತಿ ಬಂದು, ಒಂಬತ್ತಕ್ಕೆ ಮೇಜಿನ ಮುಂದೆ ಕೂರುತ್ತಾನೆ. ವಾಪಸು ಹೋಗುವ ಮಾತು ಮತ್ತೆ ಬಂದಿಲ್ಲ.